ಪಕ್ಕದ ಸಂಖ್ಯೆ ಚೆನ್ನಾಗಿದ್ದರೆ ಸಾಕು

170141183460469231731687303715884105727

ಇದೊಂದು ಅವಿಭಾಜ್ಯ ಸಂಖ್ಯೆ. 1 ಮತ್ತು ತಾನು, ಇವೆರಡನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಒಟ್ಟು 39 ಅಂಕಿ. ನಮ್ಮ ಕೋಟಿ ಲೆಕ್ಕದಲ್ಲಿ ಓದಲು ಹೊರಟರೆ 1701 ಅಂದು ಅದರ ಮುಂದೆ ಐದು ಸಲ ಕೋಟಿ ಅನ್ನಬೇಕು, ಆಮೇಲೂ ಬೇಕಾದಷ್ಟು ಚಿಲ್ಲರೆ ಉಳಿಯುತ್ತದೆ. ಚಿಕ್ಕದಾಗಿ ಬರೆದರೆ 2^127 − 1. ಅಂದರೆ 127 ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ ಒಂದು ಕಳೆಯುವುದು. ಅಷ್ಟೇ.

ಇದಕ್ಕಿಂತ ದೊಡ್ಡ ಅವಿಭಾಜ್ಯಗಳು ಈಗ ಬೇಕಾದಷ್ಟಿವೆ. 2024ರ ಅಕ್ಟೋಬರಿನಲ್ಲಿ ಸಿಕ್ಕ 2^136279841 − 1 ಎಂಬುದರಲ್ಲಿ 4 ಕೋಟಿ 10 ಲಕ್ಷಕ್ಕೂ ಜಾಸ್ತಿ ಅಂಕಿಗಳಿವೆ. ಅದರ ಸುದ್ದಿ ಎಲ್ಲ ಕಡೆ ಬಂತು. ಆದರೆ ನನಗೆ ಇಷ್ಟ ಆ ಭಾರಿ ಸಂಖ್ಯೆಯಲ್ಲ, ಈ 39 ಅಂಕಿಯದು. ಯಾಕೆಂದರೆ ಇದು ಅವಿಭಾಜ್ಯ ಅಂತ ತೋರಿಸಿದ್ದು 1876ರಲ್ಲಿ, ಯಾವ ಯಂತ್ರವೂ ಇಲ್ಲದೆ, ಕೈಲೆಕ್ಕದಲ್ಲಿ. ಮಾಡಿದವನು ಎದ್ವಾರ್ ಲೂಕಾಸ್ ಎಂಬ ಫ್ರೆಂಚ್ ಮೇಷ್ಟ್ರು. ಅದಕ್ಕೂ ಮೊದಲು, 1867ರಲ್ಲಿ ಲಾಂಡ್ರಿ ಎಂಬಾತ ಕಂಡುಹಿಡಿದಿದ್ದ ಅವಿಭಾಜ್ಯದಲ್ಲಿ ಇದ್ದದ್ದು 13 ಅಂಕಿ. 13ರಿಂದ ಒಂದೇ ನೆಗೆತಕ್ಕೆ 39! ಅಲ್ಲಿಂದ ಮುಂದೆ 75 ವರ್ಷ ಈ ದಾಖಲೆಯನ್ನು ಯಾರೂ ಮುಟ್ಟಲಿಲ್ಲ.

ಮನುಷ್ಯ ಇದನ್ನು ಹೇಗೆ ಮಾಡಿದ ಅನ್ನುವುದೇ ಇಲ್ಲಿನ ಸ್ವಾರಸ್ಯ. ಎಲ್ಲರಿಗೂ ಗೊತ್ತಿರುವ ದಾರಿ ಅಂದರೆ ಭಾಗಿಸಿ ನೋಡುವುದು. 3ರಿಂದ ಹೋಗುತ್ತದಾ, 5ರಿಂದ ಹೋಗುತ್ತದಾ, 7ರಿಂದ? ಹೀಗೆ ವರ್ಗಮೂಲದವರೆಗೆ ಹೋಗಬೇಕು. ಇಲ್ಲಿ ಆ ವರ್ಗಮೂಲವೇ 20 ಅಂಕಿಯದು. ಈ ಜಾತಿಯ ಸಂಖ್ಯೆಗೆ ಒಂದು ರಿಯಾಯಿತಿ ಇದೆ, ನಿಜ. ಇದಕ್ಕೆ ಭಾಜಕ ಅಂತ ಒಂದಿದ್ದರೆ ಅದು 254ರ ಗುಣಕಕ್ಕೆ 1 ಸೇರಿಸಿದ ರೂಪದಲ್ಲೇ ಇರಬೇಕು. ಜೊತೆಗೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಹಾಗಾಗಿ ಬಹಳಷ್ಟು ಸಂಖ್ಯೆಗಳನ್ನು ನೋಡದೆಯೇ ಬಿಟ್ಟುಬಿಡಬಹುದು. ಅಷ್ಟೆಲ್ಲ ಬಿಟ್ಟ ಮೇಲೂ ಉಳಿದವನ್ನು ಸೆಕೆಂಡಿಗೆ ಒಂದರಂತೆ ಭಾಗಿಸುತ್ತಾ ಕೂತರೆ ಸುಮಾರು 80 ಕೋಟಿ ವರ್ಷ ಬೇಕು.

ಲೂಕಾಸ್ ಆ ದಾರಿಗೇ ಹೋಗಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 2^n − 1 ಎಂಬ ರೂಪವನ್ನು ಬೈನರಿಯಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ, ಬರೆದರೆ ಬರೀ ಒಂದುಗಳ ಸಾಲು. 7 ಅಂದರೆ 111. 63 ಅಂದರೆ 111111. ಈ ಆರು ಒಂದುಗಳನ್ನು ಎರಡೆರಡರಂತೆ ಮೂರು ಗುಂಪು ಮಾಡಬಹುದು, ಆದ್ದರಿಂದ 63 ಎಂಬುದು ಬೈನರಿಯ 11ರಿಂದ, ಅಂದರೆ 3ರಿಂದ, ಭಾಗವಾಗಲೇಬೇಕು. ಸಾಲನ್ನು ಸಮನಾದ ತುಂಡು ಮಾಡಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಹಾಗಾಗಿ ಒಂದುಗಳ ಎಣಿಕೆಯೇ, ಅಂದರೆ n ಎಂಬ ಘಾತವೇ, ಅವಿಭಾಜ್ಯ ಆಗಿರಬೇಕು. ಹಾಗಿದ್ದರೆ ಸಾಕಾ ಅಂದರೆ ಅದೂ ಸಾಲದು. 11 ಅವಿಭಾಜ್ಯ, ಆದರೆ 2^11 − 1 = 2047 = 23 × 89.

ಯಾವ ಘಾತಕ್ಕೆ ಅವಿಭಾಜ್ಯ ಬರುತ್ತದೆ ಅಂತ 1644ರಲ್ಲಿ ಪ್ಯಾರಿಸ್ಸಿನ ಪಾದ್ರಿ ಮರಿನ್ ಮೆರ್ಸೆನ್ ಒಂದು ಪಟ್ಟಿ ಕೊಟ್ಟ: 2, 3, 5, 7, 13, 17, 19, 31, 67, 127, 257. ಲೆಕ್ಕ ಮಾಡಿ ಕೊಟ್ಟದ್ದಂತೂ ಇರಲಾರದು. ಇದರಲ್ಲಿ 67 ತಪ್ಪು, 257 ತಪ್ಪು. ಇರಬೇಕಾದ 61, 89, 107 ಇಲ್ಲ. ಇಷ್ಟು ತಪ್ಪು ಮಾಡಿಯೂ 127 ಮಾತ್ರ ಸರಿಯಾಗಿ ಹೇಳಿದ. ಅದು ಸರಿ ಅಂತ ತಿಳಿಯಲು 232 ವರ್ಷ ಹಿಡಿಯಿತು. ಈ ರೂಪದ ಅವಿಭಾಜ್ಯಗಳಿಗೆಲ್ಲ ಇವತ್ತು ಅವನದೇ ಹೆಸರು. ನನ್ನ ಪ್ರಕಾರ ಪಾದ್ರಿಗೆ ಅದೃಷ್ಟ ಸ್ವಲ್ಪ ಜಾಸ್ತಿಯೇ ಇತ್ತು.

ಈಗ ಲೂಕಾಸನ ಉಪಾಯ. ಅವಿಭಾಜ್ಯವೋ ಅಲ್ಲವೋ ಅಂತ ನೋಡಬೇಕಾದ ಸಂಖ್ಯೆಯನ್ನೇ ದಿಟ್ಟಿಸುತ್ತಾ ಕೂರುವ ಬದಲು ಅದರ ಪಕ್ಕದ ಸಂಖ್ಯೆಯನ್ನು ನೋಡಿದ. 2^127 − 1ರ ಪಕ್ಕದಲ್ಲಿ ಏನಿದೆ? 2^127. ಅದರ ಭಾಜಕಗಳು ಯಾವುವು ಅಂತ ಯಾರೂ ಹುಡುಕಬೇಕಾಗಿಲ್ಲ, ಎಲ್ಲವೂ ಎರಡುಗಳೇ. ಪಕ್ಕದ ಸಂಖ್ಯೆ ಇಷ್ಟು ಪೂರ್ತಿಯಾಗಿ ಗೊತ್ತಿದ್ದರೆ ಈ ಸಂಖ್ಯೆಯ ಬಗ್ಗೆ ತೀರ್ಪು ಕೊಡಬಹುದು ಅಂತ ಆತ ಕಂಡುಕೊಂಡ. 1930ರಲ್ಲಿ ಅಮೆರಿಕದ ಡೆರಿಕ್ ಲೆಹ್ಮರ್ ಅದನ್ನು ಇನ್ನಷ್ಟು ಚೊಕ್ಕ ಮಾಡಿದ. ಇವತ್ತು ಲೂಕಾಸ್–ಲೆಹ್ಮರ್ ಪರೀಕ್ಷೆ ಅಂದರೆ ಅದೇ.

ಮಾಡುವುದು ಇಷ್ಟು. 4ರಿಂದ ಶುರು ಮಾಡಿ. ಅದನ್ನು ವರ್ಗ ಮಾಡಿ, 2 ಕಳೆಯಿರಿ, ನೀವು ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಆ ಶೇಷವನ್ನು ಮತ್ತೆ ವರ್ಗ ಮಾಡಿ, 2 ಕಳೆಯಿರಿ, ಭಾಗಿಸಿ. ಘಾತ ಎಷ್ಟಿದೆಯೋ ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬೇರೆ ಏನೇ ಬಂದರೂ ಅಲ್ಲ.

2^7 − 1 = 127 ತಗೊಳ್ಳೋಣ. ಐದು ಸಲ ಮಾಡಬೇಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗದಿಂದ ಎರಡು ಕಳೆದರೆ 194, ಅದರಲ್ಲಿ 127 ತೆಗೆದರೆ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319. ಇದು ಸರಿಯಾಗಿ 127 × 97. ಶೇಷ ಸೊನ್ನೆ! ಅದೇ 2047ಕ್ಕೆ ಮಾಡಿದರೆ 4, 14, 194, 788, 701, 119, 1877, 240, 282 ಅಂತ ಸಾಗಿ ಕೊನೆಗೆ 1736ಕ್ಕೆ ನಿಲ್ಲುತ್ತದೆ. ಸೊನ್ನೆ ಬರಲಿಲ್ಲ. ಕ್ಯಾಲ್ಕುಲೇಟರ್ ತಗೊಂಡು ಒಮ್ಮೆ ಮಾಡಿ ನೋಡಿ, ಸುಮ್ನೆ ಓದಿದರೆ ಇದರ ಮಜಾ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. 2047 ಅವಿಭಾಜ್ಯ ಅಲ್ಲ ಅಂತ ಗೊತ್ತಾಯಿತು, ಆದರೆ 23 ಆಗಲಿ 89 ಆಗಲಿ ಎಲ್ಲೂ ಕಾಣಿಸಲೇ ಇಲ್ಲ. ಒಡೆಯುತ್ತದೆ ಅಂತ ಹೇಳುತ್ತದೆ, ಎಲ್ಲಿ ಒಡೆಯುತ್ತದೆ ಅಂತ ಹೇಳುವುದಿಲ್ಲ. ಮೆರ್ಸೆನ್ ಪಟ್ಟಿಯ 67ರ ಕಥೆ ಹೀಗೇ ಆಯಿತು. 2^67 − 1 ಅವಿಭಾಜ್ಯ ಅಲ್ಲ ಅಂತ ಲೂಕಾಸನೇ 1876ರಲ್ಲಿ ಹೇಳಿದ್ದ. ಹಾಗಾದರೆ ಭಾಜಕಗಳು ಯಾವುವು ಅಂತ ಯಾರಿಗೂ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಅದು 193707721 × 761838257287 ಅಂತ ತೋರಿಸಿದ. ಸಭೆಯಲ್ಲಿ ಒಂದೂ ಮಾತಾಡದೆ ಬೋರ್ಡಿನ ಮೇಲೆ ಗುಣಾಕಾರ ಮಾಡಿ ಬಂದು ಕೂತ, ಎಲ್ಲರೂ ಚಪ್ಪಾಳೆ ತಟ್ಟಿದರು ಅಂತ ಕಥೆ ಹೇಳುತ್ತಾರೆ.

ಸರಿ, ಸೊನ್ನೆ ಬಂದರೆ ಯಾಕೆ ಅವಿಭಾಜ್ಯ? ಇದನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನ ಆಗುವುದಿಲ್ಲ. ಲೆಕ್ಕ ಅಂದರೆ ಆಗದವರು ಮುಂದಿನ ಪ್ಯಾರಾ ಬಿಟ್ಟು ಅದರ ಮುಂದಿನದಕ್ಕೆ ಹೋಗಬಹುದು.

2 + √3 ಮತ್ತು 2 − √3 ಎಂಬ ಜೋಡಿ ನೋಡಿ. ಕೂಡಿದರೆ 4, ಗುಣಿಸಿದರೆ 1. ಎರಡನ್ನೂ ವರ್ಗ ಮಾಡಿ ಕೂಡಿದರೆ ಏನು ಬರುತ್ತದೆ? ಮೊತ್ತದ ವರ್ಗದಿಂದ 2 ಕಳೆದಷ್ಟು. ಅಂದರೆ ನಾವು ಮೇಲೆ ಮಾಡಿದ 'ವರ್ಗ ಮಾಡು, 2 ಕಳೆ' ಎಂಬ ಆಟ ನಿಜವಾಗಿ ಈ ಜೋಡಿಯನ್ನು ಮತ್ತೆ ಮತ್ತೆ ವರ್ಗ ಮಾಡುವುದೇ. ಕೊನೆಗೆ ಸೊನ್ನೆ ಬಂತು ಅಂದರೆ, 2 + √3ನ್ನು 2^126ನೇ ಘಾತಕ್ಕೆ ಏರಿಸಿದಾಗ −1 ಬಂತು, 2^127ನೇ ಘಾತಕ್ಕೆ ಮೊದಲ ಬಾರಿಗೆ 1 ಬಂತು ಅಂತ ಅರ್ಥ. ಅಲ್ಲಿಯವರೆಗೆ ಅದು 2^127 ಬೇರೆ ಬೇರೆ ಬೆಲೆಗಳನ್ನು ಸುತ್ತಿ ಬಂದಿರಬೇಕು. ಈಗ ನಮ್ಮ ಸಂಖ್ಯೆ ಒಡೆಯುತ್ತದೆ ಅಂತಲೇ ಇಟ್ಟುಕೊಳ್ಳಿ. ಆಗ ವರ್ಗಮೂಲಕ್ಕಿಂತ ದೊಡ್ಡದಲ್ಲದ ಒಂದು ಅವಿಭಾಜ್ಯ ಭಾಜಕ ಕ ಇರಲೇಬೇಕು. ಎಲ್ಲ ಲೆಕ್ಕವನ್ನೂ ಆ ಕ-ದ ಶೇಷದಲ್ಲಿ ಮಾಡಿದರೆ, ಒಂದು ಪೂರ್ಣಾಂಕ ಮತ್ತು √3ರ ಒಂದು ಗುಣಕ ಸೇರಿ ಆಗುವ ಬೆಲೆಗಳು ಒಟ್ಟು ಕ × ಕ ಮಾತ್ರ. ಅದರಲ್ಲಿ ಸೊನ್ನೆ ಬಿಟ್ಟರೆ ಇನ್ನೂ ಒಂದು ಕಡಿಮೆ. ಕ-ದ ವರ್ಗ ನಮ್ಮ ಸಂಖ್ಯೆಯನ್ನು ಮೀರುವ ಹಾಗಿಲ್ಲ. ಹಾಗಿರುವಾಗ 2^127 ಬೇರೆ ಬೇರೆ ಬೆಲೆಗಳಿಗೆ ಅಲ್ಲಿ ಜಾಗ ಎಲ್ಲಿದೆ? ಇಲ್ಲ. ಆದ್ದರಿಂದ ಅಂಥ ಕ ಇಲ್ಲ.

ಸಂಖ್ಯೆ ಎಷ್ಟು ದೊಡ್ಡದು ಎಂಬುದು ಈ ವಾದದಲ್ಲಿ ಎಲ್ಲೂ ಅಡ್ಡ ಬರಲಿಲ್ಲ ನೋಡಿ.

ಲೂಕಾಸ್ ಶುರು ಮಾಡಿದ್ದು 4ರಿಂದ ಅಲ್ಲ, 3ರಿಂದ. 127 ಎಂಬ ಘಾತವನ್ನು 4ರಿಂದ ಭಾಗಿಸಿದರೆ ಶೇಷ 3, ಅಂಥ ಘಾತಗಳಿಗೆ 3ರಿಂದಲೂ ನಡೆಯುತ್ತದೆ. ಆಗ ಬರುವ ಸಾಲು 3, 7, 47, 2207. ಇವೆಲ್ಲ ಅವನದೇ ಹೆಸರಿನ ಲೂಕಾಸ್ ಸಂಖ್ಯೆಗಳು. 1, 3, 4, 7, 11, 18 ಅಂತ ಹಿಂದಿನ ಎರಡನ್ನು ಕೂಡಿ ಮುಂದಿನದು ಮಾಡುವ ಸರಣಿಯಲ್ಲಿ 2ನೆಯದು, 4ನೆಯದು, 8ನೆಯದು, 16ನೆಯದು. ಫಿಬೊನಾಚಿ ಸಂಖ್ಯೆಗಳ ದಾಯಾದಿಗಳು ಇವು. ಫಿಬೊನಾಚಿಗೂ ಮೊದಲೇ ನಮ್ಮ ವಿರಹಾಂಕ, ಹೇಮಚಂದ್ರ ಮೊದಲಾದವರು ಮಾತ್ರಾ ಛಂದಸ್ಸಿನಲ್ಲಿ ಲಘು-ಗುರುಗಳನ್ನು ಎಷ್ಟು ಥರ ಜೋಡಿಸಬಹುದು ಅಂತ ಎಣಿಸುವಾಗ ಇದೇ ಕೂಡುವ ನಿಯಮವನ್ನು ಬಳಸಿದ್ದರು. ಆ ಸರಣಿಯ ಗುಣಗಳು ಒಂದು ದಿನ ಅವಿಭಾಜ್ಯ ಹಿಡಿಯಲು ಉಪಯೋಗಕ್ಕೆ ಬರುತ್ತವೆ ಅಂತ ಯಾರು ತಾನೇ ಅಂದುಕೊಂಡಿದ್ದರು.

ವಾದವೇನೋ ಚೆಂದ. ಆದರೆ 125 ಸಲ 39 ಅಂಕಿಯ ಸಂಖ್ಯೆಯನ್ನು ವರ್ಗ ಮಾಡಿ, 39 ಅಂಕಿಯದರಿಂದ ಭಾಗಿಸಬೇಕಲ್ಲ? ಒಂದು ಕಡೆ ಕೈ ತಪ್ಪಿದರೂ ಎಲ್ಲ ವ್ಯರ್ಥ. ಇಲ್ಲಿ ಲೂಕಾಸ್ ಸೂಚಿಸಿದ ವಿಧಾನ ನನಗೆ ಎಲ್ಲಕ್ಕಿಂತ ಇಷ್ಟ. ಸಾಲಿಗೆ 127 ಮನೆಗಳಂತೆ 127 ಸಾಲುಗಳ ಒಂದು ಚದುರಂಗದ ಹಾಸು, ಅದರ ಮೇಲೆ ಕಾಯಿಗಳು. ಕಾಯಿ ಇದ್ದರೆ 1, ಇಲ್ಲದಿದ್ದರೆ 0. ಬೈನರಿ ಲೆಕ್ಕ, 1870ರ ದಶಕದಲ್ಲಿ!

ಯಾಕೆ ಬೈನರಿ? ಶಾಲೆಯಲ್ಲಿ 9ರ ಶೇಷ ಬೇಕಾದರೆ ಅಂಕಿಗಳನ್ನು ಕೂಡುತ್ತಿದ್ದೆವಲ್ವಾ, 99ರ ಶೇಷ ಬೇಕಾದರೆ ಎರಡೆರಡು ಅಂಕಿ ಕತ್ತರಿಸಿ ಕೂಡಿದರೆ ಆಯಿತು. 4487ಕ್ಕೆ 44 + 87 = 131, ಮತ್ತೆ 1 + 31 = 32. 99 ಎಂಬುದು 100ಕ್ಕಿಂತ ಒಂದು ಕಡಿಮೆ ಆದ್ದರಿಂದ ಇದು ನಡೆಯುತ್ತದೆ. ಬೈನರಿಯಲ್ಲಿ 2^127 − 1ಕ್ಕೂ ಅದೇ ಯೋಗ. 127 ಸ್ಥಾನಕ್ಕೆ ಕತ್ತರಿಸು, ಮೇಲಿನ ತುಂಡನ್ನು ಕೆಳಗಿನದಕ್ಕೆ ಕೂಡು. ಭಾಗಾಕಾರವೇ ಇಲ್ಲ! ಇನ್ನೂ ಚೆಂದದ್ದು ಏನೆಂದರೆ, ಈ ಲೆಕ್ಕದಲ್ಲಿ 2ರಿಂದ ಗುಣಿಸುವುದು ಅಂದರೆ ಇಡೀ ಸಾಲನ್ನು ಎಡಕ್ಕೆ ಒಂದು ಮನೆ ಸರಿಸಿ, ಎಡತುದಿಯಿಂದ ಹೊರಬಿದ್ದದ್ದನ್ನು ಬಲತುದಿಗೆ ತಂದು ಇಡುವುದು. ಚಿಕ್ಕದರಲ್ಲಿ ನೋಡಿ: 67 ಅಂದರೆ 1000011. ಎಡಕ್ಕೆ ಸರಿಸಿ ಸುತ್ತಿದರೆ 0000111, ಅಂದರೆ 7. ಸರಿಯಾಗಿದೆ, 134ರಲ್ಲಿ 127 ಹೋದರೆ 7.

ಹಾಗಾಗಿ ವರ್ಗ ಮಾಡಲು ಸಂಖ್ಯೆಯನ್ನು ಸಾಲು ಸಾಲಾಗಿ, ಬೇಕಾದಷ್ಟು ಮನೆ ಸರಿಸಿ ಸರಿಸಿ ಇಡುತ್ತಾ ಹೋಗಬೇಕು. ಹಾಸಿನ ಅಗಲ 127 ದಾಟುವುದೇ ಇಲ್ಲ, ಎಲ್ಲ ಸುತ್ತಿ ಒಳಗೇ ಬರುತ್ತದೆ. ಆಮೇಲೆ ಕಂಬಸಾಲುಗಳಲ್ಲಿ ಎರಡು ಕಾಯಿ ಕಂಡ ಕಡೆ ಎರಡನ್ನೂ ತೆಗೆದು ಎಡಪಕ್ಕದ ಮನೆಗೆ ಒಂದು ಕಾಯಿ ಇಡುವುದು, ಎಡತುದಿಯಲ್ಲಾದರೆ ಬಲತುದಿಗೆ. ಪ್ರತಿ ಮನೆಯಲ್ಲಿ ಒಂದೋ ಸೊನ್ನೆಯೋ ಉಳಿಯುವವರೆಗೆ ಇದೇ ಕೆಲಸ. ಸಂಖ್ಯೆಯಲ್ಲಿ ಅರ್ಧದಷ್ಟು ಒಂದುಗಳಿರುತ್ತವೆ ಅಂತ ಹಿಡಿದರೆ ಒಂದು ವರ್ಗಕ್ಕೆ ಸುಮಾರು 4000 ಕಾಯಿ ಇಡಬೇಕಾಗುತ್ತದೆ, 125 ಸಲಕ್ಕೆ 5 ಲಕ್ಷ. ಬೇಸರದ ಕೆಲಸ, ಒಪ್ಪಿದೆ. ಆದರೆ 80 ಕೋಟಿ ವರ್ಷದ ಮುಂದೆ ಇದು ಏನೂ ಅಲ್ಲ. ಇವತ್ತಿನ ಕಂಪ್ಯೂಟರ್ ಒಳಗೆ ಈ ಸಂಖ್ಯೆಗೆ ಶೇಷ ತೆಗೆಯುವ ರೀತಿಯೂ ಇದೇ, ಕಾಯಿಯ ಬದಲು ಬಿಟ್ (0 ಅಥವಾ 1) ಇರುತ್ತದೆ, ಅಷ್ಟೇ.

ಲೂಕಾಸನಿಗೆ ಆಟಗಳ ಹುಚ್ಚು ಇತ್ತು. ಹನೋಯ್ ಗೋಪುರ ಎಂಬ ಆಟ ನೀವು ನೋಡಿರುತ್ತೀರಿ. ಮೂರು ಕಡ್ಡಿ, ದೊಡ್ಡದರ ಮೇಲೆ ಚಿಕ್ಕದು ಕೂತ ಬಿಲ್ಲೆಗಳು, ಒಂದೊಂದಾಗಿ ಇನ್ನೊಂದು ಕಡ್ಡಿಗೆ ಸಾಗಿಸಬೇಕು. ಅದನ್ನು 1883ರಲ್ಲಿ ಮಾರುಕಟ್ಟೆಗೆ ತಂದವನು ಇವನೇ, ಸಯಾಮಿನ ಎನ್. ಕ್ಲಾಸ್ ಎಂಬ ಸುಳ್ಳು ಹೆಸರಿನಲ್ಲಿ. ಅಮಿಯೆನ್ಸ್ ಊರಿನ ಲೂಕಾಸ್ ಎಂಬುದರ ಅಕ್ಷರಗಳನ್ನೇ ಕಲಸಿ ಮಾಡಿದ ಹೆಸರು. ಆಟದ ಜೊತೆ ಹಬ್ಬಿದ ಕಥೆಯಲ್ಲಿ ಕಾಶಿಯ ಗುಡಿಯೊಂದರಲ್ಲಿ 64 ಚಿನ್ನದ ಬಿಲ್ಲೆಗಳನ್ನು ಪೂಜಾರಿಗಳು ಸಾಗಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಅಂತ ಇದೆ. ಕಾಶಿಯಲ್ಲಿ ಅಂಥದ್ದೇನೂ ಇಲ್ಲ, ಕಟ್ಟುಕಥೆ. ಆದರೆ n ಬಿಲ್ಲೆಗಳಿಗೆ ಬೇಕಾದ ಕನಿಷ್ಠ ನಡೆಗಳು ಎಷ್ಟು ಗೊತ್ತಾ? 2^n − 1! ಅಂದರೆ 127 ಬಿಲ್ಲೆಗಳ ಗೋಪುರ ಸಾಗಿಸಲು ಮೇಲಿನ 39 ಅಂಕಿಯಷ್ಟೇ ನಡೆಗಳು ಬೇಕು. ಕಾಶಿಯ 64ರದ್ದು ಅವಿಭಾಜ್ಯ ಅಲ್ಲ, 3ರಿಂದಲೇ ಒಡೆಯುತ್ತದೆ.

ಪಾಪ, ಅವನ ಸಾವು ವಿಚಿತ್ರ. 1891ರಲ್ಲಿ ಒಂದು ಸಮ್ಮೇಳನದ ಔತಣದಲ್ಲಿ ಬಡಿಸುವವನ ಕೈಯಿಂದ ಪಿಂಗಾಣಿ ಬಿದ್ದು, ಅದರ ಚೂರು ಕೆನ್ನೆಗೆ ತಾಗಿ, ಗಾಯ ನಂಜಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಆಗ 49 ವರ್ಷ.

ಈ ಸಂಖ್ಯೆಯ ಉಳಿದ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. 2^126ರಿಂದ ಇದನ್ನು ಗುಣಿಸಿದರೆ 77 ಅಂಕಿಯ ಪರಿಪೂರ್ಣ ಸಂಖ್ಯೆ ಸಿಗುತ್ತದೆ, ಅಂದರೆ ತನ್ನನ್ನು ಬಿಟ್ಟು ತನ್ನ ಎಲ್ಲ ಭಾಜಕಗಳನ್ನು ಕೂಡಿದರೆ ತಾನೇ ಬರುವಂಥದ್ದು, 6 ಮತ್ತು 28ರ ಹಾಗೆ. 8ರಿಂದ ಭಾಗಿಸಿದರೆ ಶೇಷ 7 ಬರುವುದರಿಂದ ಇದನ್ನು ಮೂರು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದಿಲ್ಲ, ನಾಲ್ಕು ಬೇಕೇ ಬೇಕು. ಇಂಟರ್ನೆಟ್ಟಿನಲ್ಲಿ ಕಂಪ್ಯೂಟರುಗಳನ್ನು ಗುರುತಿಸುವ ಐಪಿವಿ6 ವಿಳಾಸಗಳ ಒಟ್ಟು ಎಣಿಕೆ 2^128, ಅದರ ಅರ್ಧದಲ್ಲಿ ಒಂದು ಕಳೆದರೆ ನಮ್ಮ ಸಂಖ್ಯೆ. 128 ಬಿಟ್‌ನ ಚಿಹ್ನೆಸಹಿತ (ಧನ, ಋಣ ಎರಡೂ ಇರಬಹುದಾದ) ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೂ ಇದೇ.

ದೊಡ್ಡ ಅವಿಭಾಜ್ಯ ಸಿಕ್ಕಾಗಲೆಲ್ಲ ಪತ್ರಿಕೆಗಳು 'ಇನ್ನು ಬ್ಯಾಂಕ್ ವ್ಯವಹಾರ ಇನ್ನಷ್ಟು ಸುರಕ್ಷಿತ' ಅಂತ ಬರೆಯುವುದನ್ನು ನೋಡಿದರೆ ನಗು ಬರುತ್ತದೆ. ಗುಟ್ಟಿನ ಕೀಲಿಗೆ ಬೇಕಾದದ್ದು ಯಾರಿಗೂ ಗೊತ್ತಿಲ್ಲದ ಅವಿಭಾಜ್ಯ. ಇಡೀ ಜಗತ್ತಿಗೆ ಗೊತ್ತಿರುವುದನ್ನು ಗುಟ್ಟಾಗಿ ಇಡುವುದು ಹೇಗೆ? ಹಾಗಂತ ಗುಪ್ತಲಿಪಿಯಲ್ಲಿ 2^127 − 1 ಕೆಲಸಕ್ಕೇ ಬರುವುದಿಲ್ಲ ಅಂತಲ್ಲ. 2015ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ರೂಪಿಸಿದ ಫೋರ್‌ಕ್ಯೂ ಎಂಬ ದೀರ್ಘವೃತ್ತೀಯ ವಕ್ರರೇಖೆಯ ಲೆಕ್ಕಗಳು ನಡೆಯುವುದು ಇದರ ಮೇಲೆಯೇ. ಅಲ್ಲಿ ಇದು ಗುಟ್ಟಲ್ಲ, ಶೇಷ ತೆಗೆಯುವುದು ಸುಲಭ ಅಂತ ಆರಿಸಿದ್ದು. ಮತ್ತೆ ಅದೇ ಪಕ್ಕದ 2^127ರ ಪುಣ್ಯ.

ದಾಖಲೆ ಮುರಿದದ್ದು 1951ರಲ್ಲಿ, ಎರಡು ಸಲ. ಫೆರ್ರಿಯೆ ಎಂಬಾತ ಮೇಜಿನ ಮೇಲಿನ ಲೆಕ್ಕದ ಯಂತ್ರ ಬಳಸಿ 44 ಅಂಕಿಯದನ್ನು ಸಾಧಿಸಿದ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಮಿಲ್ಲರ್ ಮತ್ತು ವೀಲರ್ ಎಡ್ಸ್ಯಾಕ್ ಕಂಪ್ಯೂಟರಿನಲ್ಲಿ 79 ಅಂಕಿಯದನ್ನು ಹಿಡಿದರು. ಆ 79 ಅಂಕಿಯದು ಯಾವುದು ಅಂತೀರಿ? ಲೂಕಾಸನ ಸಂಖ್ಯೆಯನ್ನು ವರ್ಗ ಮಾಡಿ, 180ರಿಂದ ಗುಣಿಸಿ, 1 ಕೂಡಿದ್ದು! ಈ ಸಲ ಗೊತ್ತಿರುವ ಪಕ್ಕದ ಸಂಖ್ಯೆ ಇರುವುದು ಒಂದು ಕೆಳಗೆ. ಅದರ ದೊಡ್ಡ ಭಾಜಕ ಅವಿಭಾಜ್ಯ ಅಂತ ಮೊದಲೇ ಸಾಬೀತಾಗಿತ್ತು, ಆದ್ದರಿಂದ ಹೊಸದನ್ನು ಸಾಬೀತು ಮಾಡುವುದು ಸಲೀಸಾಯಿತು. ಮರುವರ್ಷ, 1952ರಲ್ಲಿ, ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಮನ್ನು ಸ್ವ್ಯಾಕ್ ಯಂತ್ರದಲ್ಲಿ ಓಡಿಸಿದಾಗ ಒಂದೇ ದಿನ 2^521 − 1 ಮತ್ತು 2^607 − 1 ಎರಡೂ ಸಿಕ್ಕವು. ಅಲ್ಲಿಂದ ಕೈಲೆಕ್ಕದ ಕಾಲ ಮುಗಿಯಿತು.

ಪಕ್ಕದ ಸಂಖ್ಯೆ ಹೀಗೆ ಗೊತ್ತಿಲ್ಲದಿದ್ದರೆ ಏನು ಗತಿ ಅಂತ ಕೇಳಬಹುದು. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಥ ಸಂಖ್ಯೆಗಾದರೂ ನಡೆಯುವ, ಸಂಖ್ಯೆ ಬೆಳೆದರೂ ಸಮಯ ಸಿಕ್ಕಾಪಟ್ಟೆ ಏರದ ಪರೀಕ್ಷೆ ಕೊಟ್ಟರು. ಸಿದ್ಧಾಂತದ ದೃಷ್ಟಿಯಿಂದ ಅದು ದೊಡ್ಡ ಸಾಧನೆ. ಆದರೆ ಮೆರ್ಸೆನ್ ಜಾತಿಯ ಸಂಖ್ಯೆಗಳಿಗೆ ಲೂಕಾಸ್–ಲೆಹ್ಮರ್ ವೇಗದ ಮುಂದೆ ಅದು ನಿಲ್ಲುವುದಿಲ್ಲ. 2024ರ ದಾಖಲೆಯನ್ನು ಖಚಿತ ಮಾಡಿಕೊಂಡದ್ದೂ ಲೂಕಾಸ್–ಲೆಹ್ಮರ್‌ನಿಂದಲೇ.

ಕೊನೆಗೊಂದು ಬಗೆಹರಿಯದ ವಿಷಯ. 2^2 − 1 = 3. 2^3 − 1 = 7. 2^7 − 1 = 127. ಮುಂದಿನದು ನಮ್ಮ 2^127 − 1. ನಾಲ್ಕೂ ಅವಿಭಾಜ್ಯ. ಹಾಗಾದರೆ ಈ 39 ಅಂಕಿಯದನ್ನೇ ಘಾತವಾಗಿ ಇಟ್ಟರೆ? ಈ ಸಾಲನ್ನು 1876ರಲ್ಲೇ ಬೆಲ್ಜಿಯಂನ ಯೂಜೀನ್ ಕತಲಾನ್ ಗುರುತಿಸಿದ್ದ. ಆ ಐದನೆಯ ಸಂಖ್ಯೆಗೆ ಎಷ್ಟು ಅಂಕಿ ಅಂತ ಬರೆಯಲಿಕ್ಕೇ 38 ಅಂಕಿ ಬೇಕು. ಹಾಗಾಗಿ ಅದನ್ನು ಬರೆದಿಡಲು ಭೂಮಿಯಲ್ಲಿರುವ ಎಲ್ಲ ಕಂಪ್ಯೂಟರುಗಳ ಮೆಮೊರಿಯೂ ಸಾಲದು. ಲೂಕಾಸ್–ಲೆಹ್ಮರ್ ಪರೀಕ್ಷೆಯ ಮೊದಲ ಹೆಜ್ಜೆಗಳನ್ನು ಇಡಬಹುದು, ಕೊನೆಯ ಹೆಜ್ಜೆಯವರೆಗೆ ಹೋಗುವ ದಾರಿ ಇಲ್ಲ. ಉಳಿದಿರುವುದು ಒಂದೇ: ಅದಕ್ಕೆ ಭಾಜಕ ಇದ್ದರೆ ಅದು ನಮ್ಮ 39 ಅಂಕಿಯ ಸಂಖ್ಯೆಯ ಯಾವುದೋ ಸಮ ಗುಣಕಕ್ಕೆ 1 ಸೇರಿಸಿದ ರೂಪದಲ್ಲಿರಬೇಕು. ಅಂಥವನ್ನು ಒಂದೊಂದಾಗಿ ಭಾಗಿಸಿ ನೋಡುತ್ತಾ ಹೋಗುವುದು. ಜನ ನೋಡುತ್ತಲೇ ಇದ್ದಾರೆ, ಇದುವರೆಗೆ ಒಂದೂ ಸಿಕ್ಕಿಲ್ಲ. ನಾಲ್ಕು ಸಲ ಗೆದ್ದ ಮಾತ್ರಕ್ಕೆ ಐದನೆಯದೂ ಗೆಲ್ಲುತ್ತದೆ ಅಂತ ನಂಬಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ. 13, 17, 19, 31 ಇವುಗಳಿಂದ ಬರುವ ಮೆರ್ಸೆನ್ ಅವಿಭಾಜ್ಯಗಳನ್ನು ಹೀಗೇ ಘಾತಕ್ಕೆ ಏರಿಸಿದಾಗ ನಾಲ್ಕೂ ಒಡೆದಿವೆ. ಇದೂ ಒಡೆಯುತ್ತದೆ ಅಂತ ನನ್ನ ಅಂದಾಜು.